ಎಡಗೈಯ ಐದು

ನಮ್ಮ ಅತ್ತೆ ದ್ರೌಪತಮ್ಮನವರಿಗೆ ಓದು ಬರಹ ಬರುವುದಿಲ್ಲ. ದೇವರ ಹತ್ತು ಆಜ್ಞೆಗಳನ್ನು ಅವರು ಬೆರಳುಗಳಲ್ಲಿ ಇಟ್ಟುಕೊಂಡಿದ್ದರು. ಎಡಗೈ ಹೆಬ್ಬೆರಳು ಮಡಚಿದರೆ ಮೊದಲನೆಯದು, ಕಿರುಬೆರಳು ಮಡಚಿದರೆ ಐದನೆಯದು. ಅಲ್ಲಿಂದ ಬಲಗೈಗೆ ದಾಟಿ ಹತ್ತಕ್ಕೆ ಮುಗಿಯುತ್ತಿತ್ತು. ಆಮೇಲೆ ಎರಡೂ ಮುಷ್ಟಿಗಳನ್ನು ಎದೆಗೊತ್ತಿಕೊಂಡು "ಆಮೆನ್" ಅನ್ನುತ್ತಿದ್ದರು. ಬಸವಕಲ್ಯಾಣದ ನಮ್ಮ ಚರ್ಚಿನ ಎಷ್ಟೋ ಹೆಣ್ಣುಮಕ್ಕಳು ಆಜ್ಞೆ ಕಲಿತದ್ದು ಆ ಬೆರಳುಗಳನ್ನು ನೋಡಿಯೇ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಎಡಗಡೆಯ ಕೈಕಾಲು ಹೋದವು, ಮಾತು ತೊದಲಿತು. ಮಾತು ಬೇಗ ತಿರುಗಿ ಬಂತು. ಕಾಲಿಗೂ ಅಷ್ಟಿಷ್ಟು ಜೀವ ಬಂದು, ಹಿಡಿದುಕೊಂಡರೆ ನಡೆಯುವಂತಾದರು. ಕೈ ಮಾತ್ರ ಬರಲಿಲ್ಲ. ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಮಡಿಲಲ್ಲಿ ಅಂಗಾತ ಬಿದ್ದಿರುತ್ತಿತ್ತು.

ಒಂದು ಬೆಳಿಗ್ಗೆ ನಾನು ಆ ಕೈಗೆ ಎಣ್ಣೆ ತಿಕ್ಕುತ್ತಿದ್ದೆ. ಅತ್ತೆ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಹೇಳಿಕೊಳ್ಳುತ್ತಿದ್ದರು. ಕೊಲ್ಲಬಾರದು, ಹಾದರ ಮಾಡಬಾರದು, ಕದಿಯಬಾರದು, ಸುಳ್ಳುಸಾಕ್ಷಿ ಹೇಳಬಾರದು, ಇನ್ನೊಬ್ಬರ ಬದುಕಿಗೆ ಆಸೆಪಡಬಾರದು. ಬಲಗೈ ಮುಷ್ಟಿಯಾಯಿತು. ಆಮೇಲೆ ನನ್ನ ಕೈಯೊಳಗಿದ್ದ ಎಡಗೈಯನ್ನೇ ನೋಡುತ್ತಾ ಕೂತರು.

"ರತ್ನಾ, ಇದರಾಗಿನವು ಹೋಗ್ಯಾವ."

"ಏನು ಹೋಗ್ಯಾವ್ರಿ ಅತ್ತಿ?"

"ಮೊದಲಿನ ಐದು. ಇದರಾಗ ಇಟ್ಟಿದ್ದೆ. ಬೆರಳ ಮಡಚವಲ್ಲವು, ಮಾತೂ ಬರವಲ್ಲವು."

"ಹೋದ್ರ ಹೋಗ್ಲಿ, ನಾ ಹೇಳಿಕೊಡತೇನಿ ಬಿಡ್ರಿ."

ಹೇಳಿಕೊಟ್ಟೆ. ನನ್ನ ಹಿಂದೆಯೇ ಹೇಳಿದರು. ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿದರೆ ಒಂದೂ ಇರಲಿಲ್ಲ. ಮರುದಿನವೂ ಹಾಗೇ ಆಯಿತು. ದೇವರೊಬ್ಬನೇ ಅನ್ನುವುದು, ಮೂರ್ತಿ ಮಾಡಬೇಡ ಅನ್ನುವುದು, ಅವನ ಹೆಸರು, ಅವನ ವಿಶ್ರಾಂತಿಯ ದಿನ, ತಂದೆತಾಯಿಯನ್ನು ಗೌರವಿಸು ಅನ್ನುವುದು, ಎಲ್ಲ ಆ ಎಡಗೈಯಲ್ಲಿದ್ದವು. "ಮಂದಿ ಮಾತ ಉಳದಾವ, ದೇವರ ಮಾತ ಹೋಗ್ಯಾವ" ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಅವರ ಹೆದರಿಕೆ ಏನೆಂದು ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಿಂದೆ ಇದ್ದ ಹಿರಿಯ ಪಾಸ್ಟರ್ ಅಯ್ಯನವರು ಒಂದು ಕಟ್ಟಳೆ ಮಾಡಿದ್ದರು. ಹತ್ತು ಆಜ್ಞೆ ತಪ್ಪಿಲ್ಲದೆ ಹೇಳಲು ಬಾರದವರು ಕರ್ತನ ಭೋಜನಕ್ಕೆ ಏಳಬಾರದು. ಯೇಸುವಿನ ನೆನಪಿಗೆ ಕೊಡುವ ಆ ರೊಟ್ಟಿಯ ತುಣುಕಾಗಲಿ ದ್ರಾಕ್ಷಿ ರಸವಾಗಲಿ ಅವರಿಗೆ ಸಿಗುತ್ತಿರಲಿಲ್ಲ. ಹೆಂಗಸರನ್ನು ಪರೀಕ್ಷೆ ಮಾಡುವ ಕೆಲಸ ಅತ್ತೆಯದು. ದ್ರೌಪತಮ್ಮ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ನಾನು ಹುಲಸೂರಿನಿಂದ ಸೊಸೆಯಾಗಿ ಬಂದಾಗ ಒಲೆಯ ಮುಂದೆಯೇ ನನ್ನ ಪರೀಕ್ಷೆ ನಡೆದಿತ್ತು. ರೊಟ್ಟಿ ಬಡಿಯುತ್ತಾ ಹೇಳಿದೆ, ಅವರು ಬೇಯಿಸುತ್ತಾ ಕೇಳಿದರು. ಏಳನೆಯದನ್ನು, ಆ ಹಾದರದ ಮಾತನ್ನು, ಹೇಳಲು ನಾಚಿ ನುಂಗಿಕೊಂಡಿದ್ದಕ್ಕೆ "ಗಟ್ಟ್ಯಾಗಿ ಹೇಳು, ನಾಚಿಕಿ ಅದನ್ನ ಮಾಡಾಕ ಪಡಬೇಕು, ಹೇಳಾಕಲ್ಲ" ಅಂದಿದ್ದರು. ಪಾಸಾದೆ. ಆದರೂ ಪ್ರತಿ ಸಲ ರೊಟ್ಟಿಯ ತುಣುಕನ್ನು ಬಾಯಿಗಿಡುವ ಮುಂಚೆ ನನ್ನ ಕಣ್ಣು ತಾನಾಗಿ ಅತ್ತೆಯ ಮುಖದ ಕಡೆ ಹೋಗುತ್ತಿತ್ತು. ಅಲ್ಲಿ ಸಿಟ್ಟಿಲ್ಲ ಅಂತ ಖಾತ್ರಿಯಾದ ಮೇಲೇ ನಾನು ನುಂಗುತ್ತಿದ್ದದ್ದು.

ಹಿರಿಯ ಅಯ್ಯನವರು ತೀರಿಹೋಗಿ, ಅವರ ಹಿಂದೆ ಎಷ್ಟೋ ಅಯ್ಯನವರು ಬಂದು ಹೋಗಿ, ಕಟ್ಟಳೆ ಸವೆದು ಮಾಯವಾಗಿತ್ತು. ಅತ್ತೆಯೊಳಗೆ ಮಾತ್ರ ಅದು ಹಾಗೇ ಕೂತಿತ್ತು.

"ಆಜ್ಞಾ ಬಾರದಾಕಿ ನಾ ಹ್ಯಾಂಗ ಏಳಲಿ? ಎಷ್ಟ ಮಂದೀನ ನಾ ಹಿಂದ ಕುಂದರ್ಸೇನಿ. ಇಲ್ಲಿ ಕದ್ದು ತಿಂದ್ರ, ಅಲ್ಲಿ ಸ್ವರ್ಗದ ಬಾಗಲದಾಗ ಕೇಳೂದಿಲ್ಲೇನು?"

ಹೀಗೆ ಭೋಜನದ ಭಾನುವಾರಗಳು ದಾಟಿದವು. ಚರ್ಚಿಗೇ ಬರುವುದನ್ನು ಬಿಟ್ಟರು. ಊಟ ಕಡಿಮೆಯಾಯಿತು. ಈಸ್ಟರ್ ಹತ್ತಿರ ಬಂದಾಗ ನನ್ನ ಗಂಡ ನರಸಿಂಗ ಹೊಸ ಅಯ್ಯನವರನ್ನು ಕರೆತಂದರು. ಚಿಕ್ಕ ವಯಸ್ಸಿನ, ಮೆತ್ತಗಿನ ಮಾತಿನ ಹುಡುಗ. ಅತ್ತೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಸಮಾಧಾನದಿಂದ ಹೇಳಿದರು.

"ಅಮ್ಮಾ, ಆಜ್ಞಾ ಪಾಲಿಸಿದ್ದಕ್ಕ ಯಾರಿಗೂ ರಕ್ಷಣಾ ಸಿಗಂಗಿಲ್ರಿ. ಪೂರಾ ಪಾಲಿಸಿದವರು ಯಾರದಾರ? ನಂಬಿದ್ರ ಸಾಕು. ನಮ್ಮ ಸಲುವಾಗಿ ಯೇಸುಸ್ವಾಮಿನೇ ಎಲ್ಲಾ ಮಾಡಿ ಮುಗಿಸ್ಯಾನ. ಅವನ ಬಾಜೂಕ ಶಿಲುಬಿಗೆ ಹಾಕಿದ್ದ ಕಳ್ಳ ಇದ್ದನಲ್ರಿ, ನಂಬಿದ್ದಕ್ಕs ಸ್ವರ್ಗಕ್ಕ ಹೋದ, ಅವಗ ಹತ್ತು ಆಜ್ಞಾ ಹೇಳಾಕ ಪುರಸೊತ್ತರೆ ಇತ್ತೇನು?"

"ಅಂವ ಎಂಟನೇದ್ದು ಮುರದವ" ಎಂದು ಅತ್ತೆ ಬಲಗೈಯ ನಡುಬೆರಳು ಮಡಚಿ ತೋರಿಸಿದರು.

ಅಯ್ಯನವರಿಗೆ ನಗು ತಡೆಯಲಾಗಲಿಲ್ಲ. ಪ್ರಾರ್ಥನೆ ಮಾಡಿ, ಚಹಾ ಕುಡಿದು ಹೊರಟರು. ಬಾಗಿಲಲ್ಲಿ ನನಗೆ ಹೇಳಿದರು: "ಅಕ್ಕಾರ, ಕಿವಿಗೆ ಮುಟ್ಯಾದ. ಒಳಗ ಮುಟ್ಟಿಲ್ಲ."

ಅವತ್ತು ಮಧ್ಯಾಹ್ನ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು: "ತುಳಜಾಗ ಈಗರೆ ಬರತಾವೇನು, ಹತ್ತೂ?"

ತುಳಜಮ್ಮ ನಮ್ಮ ಮಾವನ ತಂಗಿ, ಅಂದರೆ ಅತ್ತೆಗೆ ನಾದಿನಿ; ಅಣ್ಣನ ಹೆಂಡತಿಯೆಂದು ಅತ್ತೆಯನ್ನು ವೈನಿ ಅನ್ನುತ್ತಾರೆ. ಮದುವೆಯಾಗಿ ಹುಮನಾಬಾದಿನಲ್ಲಿದ್ದಾರೆ. ಚಿಕ್ಕಂದಿನಲ್ಲಿ ಅವರಿಗೆ ಆಜ್ಞೆಗಳು ಬಾಯಿಗೆ ಹತ್ತಲೇ ಇಲ್ಲ. ಮೂರನೆಯದರ ಮೇಲೆ ಒಂಬತ್ತನೆಯದಕ್ಕೆ ಹಾರುತ್ತಿದ್ದರಂತೆ. ಮನೆಯವಳೆಂದು ಅತ್ತೆ ಬಿಡಲಿಲ್ಲ. ಎಲ್ಲರೂ ಎದ್ದು ಮುಂದೆ ಹೋದಾಗ ಮದುವೆಯಾಗುವ ತನಕ ಅವರು ಹಿಂದಿನ ಚಾಪೆಯಲ್ಲೇ ಕೂತರು. ಹುಮನಾಬಾದಿನ ಚರ್ಚಿನಲ್ಲಿ ಏನೂ ಕೇಳದೆ ರೊಟ್ಟಿ ಕೊಟ್ಟರೆಂದು ಸುದ್ದಿ ಬಂದಾಗ ಅತ್ತೆ "ಪುಕ್ಕಟ ತಿಂದು ಬಂದಾಳ" ಅಂದಿದ್ದರು. ಆ ಮಾತು ಬಂಧು ಬಳಗದಲ್ಲೆಲ್ಲ ಓಡಾಡಿತ್ತು.

ಮರುದಿನ ನಾನು ಹುಮನಾಬಾದಿನ ಬಸ್ಸು ಹತ್ತಿದೆ. ಯಾಕೆ ಹೊರಟೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅತ್ತೆ ಆ ಹೆಸರು ಹಿಡಿದಿದ್ದರು, ಅಷ್ಟೇ.

ತುಳಜಮ್ಮ ಅಂಗಳದಲ್ಲಿ ಮೊರದ ತುಂಬ ತೊಗರಿಬೇಳೆ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಎದ್ದೇಳದೆ ಅಲ್ಲಿಂದಲೇ ಕೂಗಿದರು.

"ಬಾ ಯವ್ವಾ! ವೈನಿ ಕಳಸ್ಯಾಳೇನು, ನನ್ನ ಪರೀಕ್ಷಾ ತಗೊಳ್ಳಾಕ?"

"ನಿಮಗ ಹತ್ತೂ ಬರತಾವೇನು ಅಂತ ಕೇಳಾಕತ್ತಾರ್ರಿ."

"ಆರು ಬರತಾವ. ಅವೂ ಸಾಲಾಗಿ ನಿಲ್ಲಂಗಿಲ್ಲ, ಬಸ್ಸಿಗೆ ಮಂದಿ ಹತ್ತಿದಂಗ ಹತ್ತತಾವ" ಎಂದು ನಕ್ಕರು. ನಾನು ನಗಲಿಲ್ಲ. ನಡೆದದ್ದೆಲ್ಲ ಹೇಳಿದೆ. ಮೊರದ ಮೇಲೆ ಆಡುತ್ತಿದ್ದ ಅವರ ಕೈ ನಿಂತಿತು.

"ಐದೂ ಹೋದ್ವೇನು? ವೈನೀವು?"

"ಹೌದ್ರಿ."

ಬೇಳೆಯೊಳಗಿನ ಒಂದು ಕಲ್ಲು ಆರಿಸಿ ಎಸೆದರು. "ಇಲ್ಲಿ ಮೊದಲನೇ ಸಲ ಮುಂದ ಹೋದಾಗ ನನಗ ಕಾಲ ನಡಗಾಕತ್ತಿದ್ವು. ಈಗ ಕೇಳತಾರ, ಈಗ ಕೇಳತಾರ ಅಂತ ಕಣ್ಣ ಮುಚ್ಚಿದೆ. ಕೈಯಾಗ ಏನೋ ಬಿತ್ತು. ಕಣ್ಣ ತಗದ್ರ ರೊಟ್ಟಿ! ಅಯ್ಯನವರು ಆಗಲೇ ಮುಂದಿನಾಕಿ ಹತ್ರ ಹೋಗಿದ್ರು. ವೈನಿ ಪುಕ್ಕಟ ಅಂದಳು ಅಂತ ಮಂದಿ ಬಂದು ಹೇಳಿದ್ರು. ಖರೇನ ಅಂದಾಳ ಅಂದೆ. ಕೊಡಾಕ ನನ್ನ ಹತ್ರ ಏನಿತ್ತು?"

ಇಪ್ಪತ್ತು ಚಿಲ್ಲರೆ ವರ್ಷ ತಪ್ಪಿಲ್ಲದೆ ಹತ್ತೂ ಹೇಳಿಕೊಂಡು ಬಂದ ನನಗೆ ಹಾಗೆ ಕಾಲು ನಡುಗಿದ್ದು ನೆನಪಿಲ್ಲ, ಹಾಗೆ ಕೈಯಲ್ಲಿ ಏನೋ ಬಿದ್ದದ್ದೂ ನೆನಪಿಲ್ಲ. ತುಳಜಮ್ಮನ ಮೇಲೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.

"ನಡಿ" ಎಂದು ತುಳಜಮ್ಮ ಸೀರೆ ಜಾಡಿಸಿಕೊಂಡು ಎದ್ದರು. "ಈಸ್ಟರ್ ಈ ಸಲ ಕಲ್ಯಾಣದಾಗ."

ಅತ್ತೆ ನಾದಿನಿಯನ್ನು ಕಂಡು ಮೊದಲು ಸೆರಗು ಸರಿಮಾಡಿಕೊಂಡರು. ಆಮೇಲೆ ಆ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.

"ನಗಾಕ ಬಂದಿ ಏನು, ತುಳಜಾ?"

"ಹೌದು ವೈನಿ. ಹುಮನಾಬಾದದಾಗ ನಗೂಹಂಗ ಇಲ್ಲ, ಅದಕ್ಕ ಟಿಕೀಟ್ ತಗಿಸಿ ಬಂದೆ."

"ಎಷ್ಟ ವರ್ಷ ನಿನ್ನ ಹಿಂದ ಕುಂದರ್ಸಿದೆ ನಾ."

"ಹಿಂದ ಫ್ಯಾನ ಇತ್ತು. ಮುಂದ ನಿಮಗs ಸೆಕಿ."

ಅತ್ತೆಯ ತುಟಿಯ ಒಂದು ಬದಿ ನಕ್ಕಿತು. ಇನ್ನೊಂದು ಬದಿಗೆ ಶಕ್ತಿ ಇರಲಿಲ್ಲ. ತುಳಜಮ್ಮ ಮಂಚದ ಮೇಲೇರಿ ಕೂತು, ಸೆರಗಿನೊಳಗಿಂದ ಆ ಕೈ ಹೊರಗೆ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಅಲ್ಲಿ ಕೇಳಿದ್ರ ಏನ ಹೇಳತಿ ನೀ?" ಎಂದು ಅತ್ತೆ ಕೇಳಿದರು. ಆ ದನಿಯಲ್ಲಿ ಪರೀಕ್ಷೆಯ ಗತ್ತು ಇರಲಿಲ್ಲ. ಉತ್ತರ ಬೇಕಾಗಿತ್ತು ಅವರಿಗೆ.

"ನನಗ ಬರಂಗಿಲ್ಲಪ್ಪಾ, ನಿನ್ನ ನಂಬಿ ಬಂದೇನಿ ಅಂತೇನಿ. ಮತ್ತೇನ ಹೇಳಲಿ?"

"ಅಷ್ಟs?"

"ನನ್ನ ಹತ್ರ ಇರೂದs ಅಷ್ಟು."

ಸಂಜೆ ಅತ್ತೆ, ಚರ್ಚಿಗೆ ಬರುತ್ತೇನೆ, ಆದರೆ ತುಳಜಾ ಕೂರುತ್ತಿದ್ದ ಜಾಗದಲ್ಲಿ ಕೂರುತ್ತೇನೆ, ಮುಂದೆ ಏಳುವುದಿಲ್ಲ ಎಂದರು.

ಈಸ್ಟರ್ ದಿನ ಹಾಗೇ ಆಯಿತು. ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆವು. ಚರ್ಚಿನ ತುಂಬ ಹೊಸ ಸೀರೆ, ಮಲ್ಲಿಗೆ. ತಿರುಗಿ ನೋಡಿದ ಹೆಂಗಸರಲ್ಲಿ ಅರ್ಧ ಜನ ಅತ್ತೆಯ ಬೆರಳು ನೋಡಿ ಕಲಿತವರು. ಭೋಜನಕ್ಕೆ ಕರೆದಾಗ ಸಾಲು ಸಾಲಾಗಿ ಎದ್ದು ಹೋಗಿ, ವೇದಿಯ ಮುಂದಿನ ಮರದ ಕಟಕಟೆಗೆ ಮೊಣಕಾಲೂರಿ ಬಂದರು. ನಮ್ಮ ಸಾಲು ಬಂತು. ಅತ್ತೆ ಏಳಲಿಲ್ಲ. ತುಳಜಮ್ಮನೂ ಏಳಲಿಲ್ಲ.

"ನೀ ಯಾಕ ಕುಂತಿ? ಹೋಗು" ಎಂದರು ಅತ್ತೆ.

"ಆರು ಬರೂವಾಕಿ ನಾ. ಐದು ಬರೂವಾಕಿ ನೀ ಕುಂತಮ್ಯಾಲ ನಾ ಆ ಹೆಚ್ಚಿನ ಒಂದರ ಜೋರಿನ ಮ್ಯಾಲ ಹ್ಯಾಂಗ ಹೋಗಲಿ?"

"ತುಳಜಾ. ಮತ್ತ ನನ್ನ ಸಲುವಾಗಿ ಹಿಂದ ಉಳಿಬ್ಯಾಡ."

"ಹಂಗಿದ್ರ ಏಳು."

ಅತ್ತೆ ನನ್ನ ಕಡೆ ನೋಡಿದರು. ನಾನು ತೋಳು ಕೊಟ್ಟೆ. ಮೂವರೂ ನಿಧಾನ ನಡೆದೆವು. ಹಾಡು ಒಂದು ಸಲ ಮುಗಿದು ಮತ್ತೆ ಮೊದಲಾಯಿತು. ಅತ್ತೆಗೆ ಮೊಣಕಾಲೂರಲು ಆಗುವುದಿಲ್ಲವೆಂದು ಯಾರೋ ಒಂದು ಸ್ಟೂಲು ತಂದಿಟ್ಟರು. ತುಳಜಮ್ಮ ಅವರ ಎರಡೂ ಕೈಗಳನ್ನು ಎತ್ತಿ ಕಟಕಟೆಯ ಮೇಲಿಟ್ಟರು.

ಅಯ್ಯನವರು ತಟ್ಟೆ ಹಿಡಿದು ಆ ತುದಿಯಿಂದ ಬರುತ್ತಿದ್ದರು. ಅತ್ತೆಯ ತುಟಿ ಅಲುಗತೊಡಗಿತು. ಕೊಲ್ಲಬಾರದು. ಬಲಗೈ ಹೆಬ್ಬೆರಳು ಮಡಚಿತು. ಹಾದರ ಮಾಡಬಾರದು. ತೋರುಬೆರಳು. ಅಯ್ಯನವರು ಹತ್ತಿರ ಬಂದಷ್ಟೂ ಅವರ ಮಾತು ಜೋರಾಯಿತು. ತಟ್ಟೆ ಮುಂದೆ ಬಂದಾಗ ಬಲಗೈ ಪೂರ್ತಿ ಮುಷ್ಟಿಯಾಗಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಐದೂ ಅಲ್ಲೇ ಭದ್ರವಾಗಿದ್ದವು. ರೊಟ್ಟಿ ಇಡಲು ಅಲ್ಲಿ ಜಾಗವಿರಲಿಲ್ಲ.

ಅಯ್ಯನವರು ತಡೆಯಲಿಲ್ಲ, ಏನೂ ಕೇಳಲಿಲ್ಲ. ಪಕ್ಕದಲ್ಲಿ ಅಂಗಾತ ತೆರೆದು ಬಿದ್ದಿದ್ದ ಎಡಗೈಯಲ್ಲಿ ತುಣುಕು ಇಟ್ಟು, "ನಿಮಗೋಸ್ಕರ" ಎಂದು ಮುಂದೆ ಹೋದರು.

ಅತ್ತೆಗೆ ಅದು ತಾಗಿದ್ದು ಗೊತ್ತಾಗಲಿಲ್ಲ. ಕಾಯುತ್ತಲೇ ಇದ್ದರು. ತುಳಜಮ್ಮ ಮೊಣಕೈಯಿಂದ ತಿವಿದಾಗ ತಲೆ ಬಗ್ಗಿಸಿ ನೋಡಿದರು. ತಾನು ಮಡಚಲಾರದ ಕೈ, ತನಗೆ ಗೊತ್ತೇ ಆಗದ ಕೈ, ಅದರ ನಡುವೆ ಬಿಳಿಯ ರೊಟ್ಟಿ ತುಣುಕು. ಅದನ್ನು ಅವರು ನೋಡಿದ ರೀತಿಯನ್ನು ನಾನು ಮೊದಲೊಮ್ಮೆ ಕಂಡಿದ್ದೆ, ನನ್ನ ಮಗಳು ಹುಟ್ಟಿದಾಗ ಅವರು ಬಟ್ಟೆ ಸರಿಸಿ ಮಗುವಿನ ಮುಖ ನೋಡಿದಾಗ. ಅದನ್ನು ಎತ್ತಿಕೊಳ್ಳಬೇಕಿದ್ದರೆ ಬಲಗೈ ಬೇಕಿತ್ತು. ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿತು. ಹೇಳುತ್ತಿದ್ದ ಬಾಯಿ ನಿಂತು, ತೆರೆದು, ತಿಂದಿತು.

ನನ್ನ ಕೈಯಲ್ಲೂ ಅಷ್ಟರಲ್ಲಿ ತುಣುಕು ಇತ್ತು. ನುಂಗಿದ ಮೇಲೆ ನೆನಪಾಯಿತು, ಈ ಸಲ ನಾನು ಒಪ್ಪಿಗೆಗಾಗಿ ಅತ್ತೆಯ ಮುಖ ನೋಡಿರಲಿಲ್ಲ.

ಹೊರಗೆ ಬೇವಿನ ಮರದ ನೆರಳಲ್ಲಿ ಆಟೋಕ್ಕೆ ಕಾಯುತ್ತಾ ನಿಂತೆವು. ಅತ್ತೆ ಕಣ್ಣೊರೆಸಿಕೊಂಡು ದೂರು ಹೇಳುವವರ ಹಾಗೆ ಅಂದರು: "ನೋಡಿದ್ಯಾ ತುಳಜಾ, ಎಡಗೈಯಾಗ ಕೊಟ್ರು ನನಗ."

"ಪುಕ್ಕಟ ಕೊಟ್ಟದ್ದು, ಯಾವ ಕೈ ಆದ್ರೇನು ವೈನಿ?"

ಮನೆಗೆ ಹೋದ ಕೂಡಲೇ ಅತ್ತೆ "ರತ್ನಾ, ನನಗ ಹಸಿವಾಗ್ಯಾದ" ಅಂದರು.