ಎಡಗಡೆಯ ಬೆಳಕು

"ಇನ್ನೊಂಚೂರು ಅತ್ರ ಓಗ್ಲಾ?" ಎನ್ನುತ್ತಾ ದ್ರೌಪದಮ್ಮ ಪರದೆಯ ಮುಂದೆ ಬಂದು ನಿಂತಳು. ಪರದೆಯ ಮೇಲೆ ಅವಳ ಗಂಡ ಮುನಿಯಲ್ಲಪ್ಪ, ಸತ್ತು ಹನ್ನೊಂದು ವರ್ಷವಾದವನು, ಕಣ್ಣು ಮಿಟುಕಿಸಿ ಕೈ ಮುಗಿದು "ನಮ್ಮ ಸಿಂಗಾಪುರಕ್ಕೆ ಬನ್ನಿ" ಎಂದ.

ಬೆಂಗಳೂರಿನಂಚಿನ ಸಿಂಗಾಪುರ ಹಳ್ಳಿಯಲ್ಲಿ, ಅವನ ಹೊಲದಲ್ಲೇ ಮಗ ನಾಗಭೂಷಣ ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟಿನ ಜಾಹೀರಾತು ಅದು. ತಣಿಸಂದ್ರದ ಈ ಸ್ಟುಡಿಯೋದಲ್ಲಿ ಕಂಪ್ಯೂಟರಿನಲ್ಲಿ ಮೂಡಿಸಿದ ಈ ಮುದುಕನಿಗೆ ಬೆಳಕು ಹಾಕುವ ಕೆಲಸ ಶಶಿರೇಖಾಳದು. ಇವತ್ತು ನಾಗಭೂಷಣ ಒಪ್ಪಿದರೆ ಅವಳ ಕೆಲಸ ಕಾಯಂ, ಇಲ್ಲವಾದರೆ ಮನೆಗೆ. ಅವನು ಕೊಟ್ಟಿದ್ದು ಒಂದೇ ಫೋಟೋ, ಅದೂ ಮುಖವಷ್ಟೇ ಉಳಿಯುವಂತೆ ಕತ್ತರಿಸಿದ್ದು. ಮುಚ್ಚಿದ್ದ ಕಣ್ಣುಗಳನ್ನು ಬೇರೆಯವರು ತೆರೆಸಿದ್ದರು. ಇವಳು ಫೋಟೋದ ಬೆಳಕನ್ನು ಹಾಗೇ ಇಳಿಸಿದ್ದಳು: ಎಡಗಡೆ, ಕೆಳಗಿನಿಂದ, ಹಳದಿ. ಅದಕ್ಕೇ ಮೂರು ವಾರ ಜೀವ ತೇಯ್ದಿದ್ದಳು.

"ಸೂಪರ್ ಕಣಮ್ಮ. ನಮ್ಮಪ್ಪ ದೇವ್ರಂಗವ್ನೆ," ಎಂದ ನಾಗಭೂಷಣ.

ದ್ರೌಪದಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಇದು ದೀಪದ ಬೆಳಕಲ್ವೇನಮ್ಮ? ಗ್ವಾಡೆಗೆ ಒರಗ್ಸಿ ಕೂರ್ಸಿ, ಆರ ಆಕಿ, ಪಕ್ಕದಾಗೆ ದೀಪ ಮಡಗಿದ್ವಲ್ಲ. ಎಣ ಎತ್ತೋಕ್ ಮುಂಚೆ ತೆಗ್ಸಿದ್ ಫೋಟೋ ಅದು."

ಶಶಿರೇಖಾ ಮೌಸಿನಿಂದ ಕೈ ತೆಗೆದಳು. ಹೆಣದ ಬೆಳಕನ್ನು ಇಷ್ಟು ಚೆಂದವಾಗಿ ಹಾಕಿದೆನಲ್ಲ ಎಂದು ತನ್ನ ಕೈಯ ಮೇಲೇ ಅಸಹ್ಯವಾಯಿತು.

"ನಿಮ್ಗೂ ಗೊತ್ತಾಗ್ಲಿಲ್ವಾ ಸಾರ್?" ಎಂದು ನಾಗಭೂಷಣನನ್ನು ಕೇಳಿದಳು.

"ಅವ್ನಿಗೆಂಗ್ ಗೊತ್ತಾಗ್ತದೆ? ಅವತ್ತೂ ಒಲದ ಪತ್ರ ಅಂತ ರಿಜಿಸ್ಟ್ರಾರ್ ಆಫೀಸ್ನಾಗಿದ್ದ. ಎತ್ತೋ ಒತ್ಗೆ ಬಂದ," ಎಂದಳು ಮುದುಕಿ. ಮಗ ಮೊಬೈಲು ನೋಡಿಕೊಂಡ.

"ಒತ್ತಾರೆ ರಾಗಿ ಒಲದಾಗೆ ಮೂಡ್ಲಕ್ಕೆ ಮಕ ಮಾಡಿ ನಿಂತ್ಕೊಳ್ಳೋರು. ಅಂಗ್ ಮಾಡ್ತೀಯೇನವ್ವ?" ಎಂದು ಮುದುಕಿ ಇವಳತ್ತ ತಿರುಗಿದಳು.

ಶಶಿರೇಖಾ ಕೆಳಗಿನ ಬೆಳಕನ್ನು ಆರಿಸಿ, ಎದುರಿಗೆ ಎಳೆಬಿಸಿಲನ್ನು ತಂದಳು. ಹತ್ತೇ ನಿಮಿಷ. ಕುರುಚಲು ಬಿಳಿಗಡ್ಡ ಮಿಂಚಿತು, ಕಣ್ಣೊಳಗೊಂದು ಚುಕ್ಕೆ ಬೆಳಗಿತು.

"ಬಂದ್ರಲ್ಲ," ಎಂದಳು ದ್ರೌಪದಮ್ಮ.

"ಇದ್ ಬ್ಯಾಡ. ಕೂಲಿಯವ್ನ್ ತರ ಕಾಣ್ತಾನೆ. ಜನ ಫ್ಲಾಟ್ ತಗೋಬೇಕು ಕಣಮ್ಮ," ಎಂದ ನಾಗಭೂಷಣ. "ಮೊದಲ್ನೇದೇ ಫೈನಲ್. ಅದ್ರಲ್ಲಿ ಒಂಥರಾ ಮೂಡ್ ಐತೆ."

ಶಶಿರೇಖಾ ಎಳೆಬಿಸಿಲನ್ನು ಆರಿಸಿದಳು. ಮೊದಲಿನದನ್ನೇ ಕಳಿಸಿದಳು. ಮ್ಯಾನೇಜರ್ ಬಂದು ಕೈ ಕುಲುಕಿ ಹೋದ.

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಕೆಳಗೆ ನಾಗಭೂಷಣ ಹಾರ್ನ್ ಹೊಡೆಯುತ್ತಿದ್ದ. ದ್ರೌಪದಮ್ಮ ಇನ್ನೂ ಕಾರು ಹತ್ತಿರಲಿಲ್ಲ. ಗೇಟಿನ ಬಳಿ ಗಿಡಗಳಿಗೆಂದು ಇಟ್ಟಿದ್ದ ನಲ್ಲಿ ತಿರುಗಿಸಿ, ಸೀರೆಯನ್ನು ಮೇಲೆತ್ತಿ ಎರಡೂ ಕಾಲು ತೊಳೆದುಕೊಂಡಳು, ತಲೆಗೆ ನೀರು ಚಿಮುಕಿಸಿಕೊಂಡಳು. ಆಮೇಲೆ ಹಿಂದಿರುಗಿ ನೋಡದೆ ಕಾರು ಹತ್ತಿದಳು.