ಒಳಗಿನ ಪಾಲಿಶ್

ಪಾಲಿಶ್ ಮೇಸ್ತ್ರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಹೆಮ್ಮೆ ಅದಕ್ಕಿಂತ ಒಂದಿಂಚು ಮುಂದೆ. ಮರಗೆಲಸದವರು ಊರಲ್ಲಿ ಬೇಕಾದಷ್ಟು ಜನ ಇದ್ದರು, ಆದರೆ ಅವನು ಪಾಲಿಶ್ ಹೊಡೆದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಕಪಾಟಿನ ಬೆನ್ನು, ಡ್ರಾಯರಿನ ತಳ, ಮಂಚದ ಅಡಿ, ಹೀಗೆ ಯಾರೂ ಬಗ್ಗಿ ನೋಡದ ಜಾಗವನ್ನೂ ಅವನು ಬಿಡುತ್ತಿರಲಿಲ್ಲ. "ಕಾಣೋ ಕಡೆ ಮಾತ್ರ ಹೊಳಪು ಕೊಡೋನು ಮೇಸ್ತ್ರಿ ಅಲ್ಲ, ಕಳ್ಳ" ಎನ್ನುತ್ತಿದ್ದ. ಈ ಮಾತನ್ನು ಕೇಳಿ ಕೇಳಿ ಅವನ ಹೆಂಡತಿಗೆ ಕಿವಿ ತೂತಾಗಿತ್ತು.

ಮಗಳನ್ನು ಕೊಟ್ಟ ಮನೆಯ ಯಜಮಾನರು ಹಡಗಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರಿಗಿದ್ದ ಚಟ ಒಂದೇ, ಸಿಗಾರ್. ಅದೂ ಭಾನುವಾರ ಊಟವಾದ ಮೇಲೆ ಒಂದೇ ಒಂದು. ಕಂಡ ಬಂದರುಗಳಲ್ಲೆಲ್ಲ ಕೊಂಡು ತಂದ ಸಿಗಾರುಗಳನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಜೋಪಾನ ಮಾಡಿಕೊಂಡಿದ್ದರು. ಒಣಗಿದರೆ ಮುಟ್ಟಿದಲ್ಲೇ ಪುಡಿಯಾಗುತ್ತವೆ, ತೇವ ಹೆಚ್ಚಾದರೆ ಬೂಸಲು ಹಿಡಿಯುತ್ತವೆ. ತೇವವನ್ನು ಹದವಾಗಿ ಹಿಡಿದಿಡುವ ಮರದ ಪೆಟ್ಟಿಗೆಯೇ ಬೇರೆ ಇದೆ, ಹ್ಯೂಮಿಡರ್ ಅಂತಾರೆ, ಒಂದು ಕೊಳ್ಳಬೇಕು ಎಂದು ಅವರು ಬಾಯಿತಪ್ಪಿ ಅಂದದ್ದೇ ತಡ, ಮೇಸ್ತ್ರಿ ಕುರ್ಚಿಯಿಂದ ಎದ್ದು ನಿಂತ.

"ಅಂಗಡಿಯಲ್ಲಿ ಕೊಳ್ತೀರಾ ಬೀಗರೇ? ಯಾಕೆ, ನಾನು ಸತ್ತಿದೀನಾ?"

ಪೆಟ್ಟಿಗೆಗೆ ಅವನು ಜೀವ ಸುರಿದ. ಹೊರಗೆ ಹಳೆಯ ತೇಗ, ಒಳಗೆ ಬೀಗರು ಹೇಳಿದ್ದ ಸೀಡರ್ ಹಲಗೆ. ಮುಚ್ಚಳ ಹಾಕಿದರೆ ಒಳಗಿನ ಗಾಳಿ ಉಸ್ಸೆಂದು ತಡೆದು, ಅದು ನಿಧಾನಕ್ಕೆ ಕೂರುವಷ್ಟು ಬಿಗಿ. ಹೊರಗಿನ ಪಾಲಿಶ್ ಮುಗಿಸಿ ಒಳಗಿನದಕ್ಕೆ ಬಟ್ಟೆ ಅದ್ದುತ್ತಿದ್ದಾಗ ಮಗಳು ಬಂದಳು.

"ಅಪ್ಪಾ, ಮಾವ ಹೇಳಿ ಕಳಿಸಿದಾರೆ. ಒಳಗಡೆ ಪಾಲಿಶ್ ಬೇಡವಂತೆ. ಬರೀ ಮರ ಇರಬೇಕಂತೆ. ಅದು ನೀರು ಕುಡಿದು ಮತ್ತೆ ನಿಧಾನಕ್ಕೆ ಬಿಡ್ತದಂತೆ, ಆಗಲೇ ಸಿಗಾರ್ ಹದವಾಗಿರೋದಂತೆ."

"ಅಂತೆ, ಅಂತೆ, ಅಂತೆ! ಅಂತೆ ಕಂತೆ ಹೊತ್ಕೊಂಡು ಬಂದ್ಯಾ ಇಲ್ಲಿಗೆ?" ಮೇಸ್ತ್ರಿ ಬಟ್ಟೆ ಹಿಂಡಿದ. "ನಾಳೆ ಯಾರಾದ್ರೂ ಮುಚ್ಚಳ ತೆಗೆದು ನೋಡಿ, ಪಾಪ ಮೇಸ್ತ್ರಿಗೆ ಅರ್ಧದಲ್ಲೇ ಪಾಲಿಶ್ ಖಾಲಿ ಆಯ್ತು ಅಂತ ನಗಬೇಕಾ?"

"ಅಲ್ಲಪ್ಪಾ, ಅವರು ಒತ್ತಿ ಒತ್ತಿ ಹೇಳಿದಾರೆ..."

"ನಿಮ್ಮ ಮಾವ ಇಂಜಿನ್‌ಗೆ ಎಣ್ಣೆ ಬಿಟ್ಟವರು. ನಾನೇನಾದ್ರೂ ಹೋಗಿ ಇಂಜಿನ್ ವಿಷಯ ಮಾತಾಡಿದೀನಾ? ಮರದ ವಿಷಯ ನನಗೆ ಬಿಡಿ. ನೀನು ನಡಿ, ಧೂಳು ಎಬ್ಬಿಸಬೇಡ."

ಮಗಳು ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ಅಪ್ಪನ ಮುಖ ನೋಡಿದಳು, ಹೊರಟುಹೋದಳು. ಅವನು ಹಟಕ್ಕೆ ಒಳಗೆ ಇನ್ನೊಂದು ಕೈ ಹೆಚ್ಚೇ ಹೊಡೆದ.

ಪೆಟ್ಟಿಗೆ ಕೊಟ್ಟ ದಿನ ಬೀಗರು ಮುಚ್ಚಳ ತೆರೆದು ಒಂದು ಗಳಿಗೆ ಸುಮ್ಮನಾದರು. ಆಮೇಲೆ "ಕನ್ನಡಿ ಇದ್ದ ಹಾಗಿದೆ" ಎಂದರು. ಮೇಸ್ತ್ರಿಗೆ ಅಷ್ಟು ಸಾಕಿತ್ತು. ಬೀಗರಿಗೆ ಮಾತೇ ಹೊರಡಲಿಲ್ಲ ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡ.

ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಬೀಗರ ಮನೆಗೆ ಊಟಕ್ಕೆ ಹೋದರು. ಹಜಾರದ ಕಪಾಟಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಅವನ ಪೆಟ್ಟಿಗೆ ಕೂತಿತ್ತು. ಅದನ್ನು ನೋಡಿಯೇ ಅವನ ಹೊಟ್ಟೆ ಅರ್ಧ ತುಂಬಿತು.

ಊಟದ ಮೇಜಿನಲ್ಲಿ ಬೀಗಿತ್ತಿ ಅಡುಗೆಮನೆಯಲ್ಲಿದ್ದ ಸೊಸೆಯ ಕಡೆ ಕತ್ತು ಚಾಚಿ ಕೂಗಿದರು. "ಏ ಮರೆಗುಳಿ, ಉಪ್ಪು ತರ್ತೀಯೋ, ಅದನ್ನೂ ಮರೆತ್ಯೋ?"

ಅಳಿಯ ನಕ್ಕ. ಬೀಗರು ನಕ್ಕರು. ಮೇಸ್ತ್ರಿಗೆ ಯಾಕೆ ಆ ಹೆಸರು ಎಂದು ಗೊತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಬೀಗರ ಮನೆಯ ಮೇಜಿನಲ್ಲಿ ನಗುವಿಗೆ ತನ್ನ ಪಾಲೂ ಇರಲಿ ಎಂಬ ಆಸೆ.

"ಚಿಕ್ಕಂದಿನಿಂದ್ಲೂ ಅವಳು ಹಾಗೇ ಬೀಗಿತ್ತಿಯವರೇ! ಸ್ಲೇಟು ತಗೊಂಡು ಹೋದ್ರೆ ಬಳಪ ಮನೇಲಿ, ಬಳಪ ತಗೊಂಡು ಹೋದ್ರೆ ಸ್ಲೇಟು ಮನೇಲಿ."

ಎಲ್ಲರೂ ಮತ್ತೆ ನಕ್ಕರು. ಅವನ ಹೆಂಡತಿ ಮಾತ್ರ ನಗದೆ ಅವನನ್ನೇ ನೋಡಿದಳು. ಮಗಳು ಉಪ್ಪಿನ ಬಟ್ಟಲು ಮೇಜಿನ ಮೇಲಿಟ್ಟು, ತಲೆ ಎತ್ತದೆ ಒಳಗೆ ಹೋದಳು.

ಊಟವಾಯಿತು. ಬೀಗರು ಎದ್ದು ಒಳಕೋಣೆಗೆ ಹೋಗಿ ಅದೇ ಹಳೆಯ ಪ್ಲಾಸ್ಟಿಕ್ ಡಬ್ಬ ಹಿಡಿದು ಬಂದರು. ಡಬ್ಬದೊಳಗೆ ಒಂದು ಸೋಪಿನ ತಟ್ಟೆ, ಅದರಲ್ಲಿ ಒದ್ದೆ ಸ್ಪಂಜಿನ ತುಂಡು, ಪಕ್ಕದಲ್ಲಿ ಮೂರೋ ನಾಲ್ಕೋ ಸಿಗಾರು. ಮೇಸ್ತ್ರಿಯ ನೆತ್ತಿಗೆ ರಕ್ತ ಏರಿತು.

"ಇದೇನು ಬೀಗರೇ? ನಾನು ಮಾಡಿಕೊಟ್ಟ ಪೆಟ್ಟಿಗೆ ಏನಾಯ್ತು?"

"ಅದು... ಇದೆಯಲ್ಲ, ಅಲ್ಲೇ ಇದೆ. ಕೂತ್ಕೊಳ್ಳಿ ಮೇಸ್ತ್ರಿಗಳೇ, ಕಾಫಿ ಬರ್ತದೆ."

ಅವನೆಲ್ಲಿ ಕೂರುತ್ತಾನೆ! ದಾಪುಗಾಲು ಹಾಕಿ ಹೋಗಿ ಮುಚ್ಚಳ ಎತ್ತಿದ. ಒಳಗೆ ಬೀಗದ ಕೈಗಳು, ಕಾಲು ಮುರಿದ ಕನ್ನಡಕ, ಸುಟ್ಟುಹೋದ ಒಂದು ಬಲ್ಬು.

"ಇಷ್ಟೇನಾ ನನ್ನ ಕೆಲಸಕ್ಕೆ ಮರ್ಯಾದೆ? ನನ್ನ ಪೆಟ್ಟಿಗೇಲಿ ಸುಟ್ಟ ಬಲ್ಬು, ಸೋಪಿನ ತಟ್ಟೇಲಿ ಸಿಗಾರು! ಏನ್ರೀ ಕೊರತೆ ಆಗಿದೆ ಅದರಲ್ಲಿ? ಬೇಡದೇ ಇದ್ರೆ ಬೇಡ ಅನ್ನಬೇಕಿತ್ತು. ಹೀಗಲ್ಲ, ಹಾಗೆ ಮಾಡಿ ಅಂತ ಮೊದಲೇ ಹೇಳಬೇಕಿತ್ತು!"

ಬೀಗರು ಡಬ್ಬದ ಮುಚ್ಚಳ ಮುಚ್ಚಿದರು, ತೆರೆದರು. ಕೊನೆಗೆ ಮಾತಾಡಿದವರು ಬೀಗಿತ್ತಿ.

"ಹೇಳಿ ಕಳಿಸಿದ್ರಲ್ಲ. ಒಳಗೆ ಪಾಲಿಶ್ ಬೇಡ ಅಂತ ಮೊದಲೇ ಹೇಳಿ ಕಳಿಸಿದ್ರು. ನಿಮ್ಮ ಮಗಳು ನಿಮಗೆ ಹೇಳೋದು ಮರೆತಳು. ಅವತ್ತಿಂದ ತಾನೇ ಅವಳಿಗೆ ಮರೆಗುಳಿ ಅಂತ ಹೆಸರು ಬಿದ್ದಿದ್ದು?"

"ಹೋಗಲಿ ಬಿಡೇ," ಎಂದರು ಬೀಗರು. "ಆಗಿದ್ದಾಯ್ತು. ಮೇಸ್ತ್ರಿಗಳೇ, ನೀವು ಬೇಜಾರಾಗಬೇಡಿ. ಮಾಡಿದ್ದಾಗಿದೆ ಅಂತ ಅದರಲ್ಲೇ ಇಟ್ಟು ನೋಡಿದೆ. ಪಾಲಿಶ್ ವಾಸನೆ ಸಿಗಾರಿಗೆ ಇಳೀತು, ಅಷ್ಟೇ. ಮರಕ್ಕೆ ನೀರು ಕುಡಿಯೋಕೆ ಆಗಲಿಲ್ಲ, ಹನಿ ಹನಿಯಾಗಿ ಪೆಟ್ಟಿಗೆ ಒಳಗೋಡೆ ಮೇಲೇ ನಿಂತು ಬೂಸಲು ಬಂತು. ನನ್ನ ಕೊನೇ ಪ್ರಯಾಣದಲ್ಲಿ ಕ್ಯಾಪ್ಟನ್ ಕೊಟ್ಟ ಸಿಗಾರಿನ ಕಟ್ಟೂ ಅದರಲ್ಲೇ ಇತ್ತು. ಎಲ್ಲಾ ಗಿಡದ ಬುಡಕ್ಕೆ ಹಾಕಿದೆ. ಪಾಪ, ಹುಡುಗಿ ಎಷ್ಟು ಸಲ ತಪ್ಪಾಯ್ತು ಅಂದಳೋ."

"ಪಾಪ ಏನು ಬಂತು?" ಬೀಗಿತ್ತಿಗೆ ಇನ್ನೂ ಮಾತು ಮುಗಿದಿರಲಿಲ್ಲ. "ಈಗ ಗ್ಯಾಸ್ ಆರಿಸಿದ್ಲೋ ಇಲ್ವೋ ಅಂತ ನಾನೇ ಎದ್ದು ನೋಡ್ತೀನಿ. ಬಾಗಿಲ ಬೀಗದ ಕೈ ಅವಳ ಹತ್ತಿರ ಕೊಡಲ್ಲ. ಮರೆಯೋರನ್ನ ಹೇಗೆ ನಂಬೋದು, ನೀವೇ ಹೇಳಿ?"

ಅಡುಗೆಮನೆಯ ಬಾಗಿಲಲ್ಲಿ ಮಗಳು ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಮೇಸ್ತ್ರಿ ಅವಳ ಕಡೆ ನೋಡಿದ. ಅವಳು ಇಷ್ಟೇ ಇಷ್ಟು ತಲೆ ಅಲ್ಲಾಡಿಸಿದಳು, ಬೇಡ ಎಂಬಂತೆ.

ನಾಲ್ಕು ಅಂಗಡಿ ಆಚೆಗೂ ಕೇಳುವ ಹಾಗೆ ಕೂಗಾಡುವ ಗಂಡಸು ಅವನು. ಅವನ ಬಾಯಿಂದ ಹೊರಟದ್ದು ಒಂದೇ ಮಾತು: "ಹೂಂ." ಮರೆಯುವವರನ್ನು ನಂಬುವುದು ಹೇಗೆ ಎಂದು ಕೇಳಿದ್ದಕ್ಕೆ, ಹೆತ್ತ ತಂದೆ, ಹೂಂ ಎಂದ. ಹಾಗಂದು ಕೂತ. ಮಗಳು ಕೊಟ್ಟ ಕಾಫಿಯನ್ನು ಕುಡಿದೂ ಕುಡಿದ. ಬಿಸಿಗೆ ನಾಲಿಗೆ ಸುಟ್ಟಿತು, ಸುಡಲಿ ಅನ್ನಿಸಿತು.

ಲೋಟ ಒಳಗಿಡುವ ನೆಪ ಮಾಡಿ ಅವನು ಅಡುಗೆಮನೆಗೆ ಹೋದ. ಮಗಳು ಪಾತ್ರೆ ತೊಳೆಯುತ್ತಿದ್ದಳು.

"ಮರೆತೆ ಅಂತ ಯಾಕೆ ಹೇಳಿದೆ?"

"ಮತ್ತೇನು ಹೇಳಲಿ? ನಮ್ಮಪ್ಪ ಬೈದು ಕಳಿಸಿದ ಅಂತಲಾ? ಅವರು ನಿನ್ನ ಕೆಲಸದ ಬಗ್ಗೆ ಒಂದು ಮಾತಾಡಿದ್ರೂ ನೀನು ಈ ಮನೆ ಮೆಟ್ಟಿಲು ಹತ್ತಲ್ಲ. ಅದಕ್ಕೇ ಸುಮ್ಮನಾದೆ." ಅವಳು ನಲ್ಲಿ ನಿಲ್ಲಿಸಿದಳು. "ಅದು ಹೋಗಲಿ. ಆ ಬಳಪದ ಕತೆ ಯಾಕೆ ಕಟ್ಟಿದೆ ಅಪ್ಪಾ? ನಾನು ಯಾವತ್ತು ಬಳಪ ಮರೆತಿದ್ದೆ?"

ಯಾವತ್ತೂ ಇಲ್ಲ. ಅವನು ಕೆಲಸಕ್ಕೆ ಹೊರಟಾಗ ಅಳತೆಯ ಟೇಪು, ಕಿವಿಗೆ ಸಿಕ್ಕಿಸುವ ಪೆನ್ಸಿಲ್ಲು ನೆನಪು ಮಾಡಿ ಕೈಗೆ ಕೊಡುತ್ತಿದ್ದವಳೇ ಅವಳು. ಎರಡು ನಗುವಿನ ಆಸೆಗೆ ಅವನು ಮಗಳನ್ನು ಮೇಜಿನ ಮೇಲೆ ಬಡಿಸಿಬಿಟ್ಟಿದ್ದ. ಮೇಸ್ತ್ರಿಯ ಕಿವಿ ಬಿಸಿಯಾಯಿತು. ಅವಳ ಮುಂದೆ ನಿಲ್ಲಲಾಗದೆ ಹಜಾರಕ್ಕೆ ಬಂದ. ಬೀಗರು ಸಿಗಾರ್ ಹಚ್ಚಿ ಕೂತಿದ್ದರು. ಅವನಿಗೆ ಅಲ್ಲೂ ಕೂರಲಾಗಲಿಲ್ಲ.

"ಅವಳು ಹೇಳಿದ್ದಳು," ಎಂದ.

"ಯಾರು? ಏನು?" ಎಂದರು ಬೀಗರು.

"ಪಾಲಿಶ್ ಬೇಡ ಅಂತ ಅವಳು ಬಂದು ಹೇಳಿದ್ದಳು. ಒಂದಲ್ಲ, ಎರಡು ಸಲ ಹೇಳಿದಳು. ನಾನೇ ಬೈದು ಓಡಿಸಿದೆ. ಇಂಜಿನ್‌ಗೆ ಎಣ್ಣೆ ಬಿಡೋರಿಗೆ ಮರದ ವಿಷಯ ಏನು ಗೊತ್ತು ಅಂದೆ. ನಿಮಗೇ ಅಂದಿದ್ದು ಅದು." ಸಿಟ್ಟು ಬಂದವನ ಹಾಗೆಯೇ ಮುಂದುವರಿಸಿದ. ಅವನಿಗೆ ಬೇರೆ ಥರ ಮಾತಾಡಿ ಗೊತ್ತಿರಲಿಲ್ಲ. "ಬಳಪಾನೂ ಅವಳು ಮರೆತವಳಲ್ಲ. ಅದು ನಾನು ಹೇಳಿದ ಸುಳ್ಳು. ಆಗಲೇ ಹೂಂ ಅಂದೆನಲ್ಲ, ಅದೂ ಸುಳ್ಳು."

ಬೀಗರ ಕೈಯ ಸಿಗಾರಿನ ಬೂದಿ ಉದುರಿ ನೆಲಕ್ಕೆ ಬಿತ್ತು. ಬೀಗಿತ್ತಿಯ ಮುಖ ಸಣ್ಣಗಾಯಿತು. ಅವರು ಅಡುಗೆಮನೆಯ ಕಡೆ ತಿರುಗಿ, "ಏ ಮರೆ..." ಎಂದವರು ನಾಲಿಗೆ ಕಚ್ಚಿಕೊಂಡರು. ಇಷ್ಟು ತಿಂಗಳು ಒಂದೇ ಹೆಸರು ಹಿಡಿದು ಕೂಗಿದವರಿಗೆ ಇನ್ನೊಂದು ಹೆಸರು ಬಾಯಿಗೆ ಬರಲಿಲ್ಲ. "ಇಲ್ಲಿ ಬಾರಮ್ಮ" ಎಂದರು ಕೊನೆಗೆ.

ಮಗಳು ಬಂದು ನಿಂತಳು. ಅವಳ ಮುಖದಲ್ಲಿ ನಗು ಬರಬಹುದೆಂದು ಮೇಸ್ತ್ರಿ ಕದ್ದು ನೋಡಿದ. ಬರಲಿಲ್ಲ.

"ಇಷ್ಟು ಹೊತ್ತು ಬೇಕಾಯ್ತಾ ಅಪ್ಪಾ?" ಎಂದಳು.

ಹೊರಡುವಾಗ ಅವನು ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟ. ಬೀಗದ ಕೈಗಳನ್ನು ಎತ್ತಿ ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಂತಾಗ, ಬೀಗಿತ್ತಿ ತಾವೇ ಇಸಿದುಕೊಂಡು ಸೊಸೆಯ ಅಂಗೈಯಲ್ಲಿಟ್ಟರು.

"ಒಳಗಿಂದು ಹೆರೆದರೆ ವಾಸನೆ ಹೋಗ್ತದಾ ಮೇಸ್ತ್ರಿಗಳೇ?" ಎಂದು ಬೀಗರು ಕೇಳಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ಕಷ್ಟವಾಯಿತು.

"ಗೊತ್ತಿಲ್ಲ," ಎಂದ ಅವನು. ಮರದ ವಿಷಯದಲ್ಲಿ ಆ ಮಾತನ್ನು ಅವನು ಯಾರ ಮುಂದೆಯೂ ಆಡಿದವನಲ್ಲ. "ಹೋಗದಿದ್ರೆ ಒಳಗಿನ ಹಲಗೆ ಅಷ್ಟೂ ಕಿತ್ತು ಬೇರೆ ಹಾಕ್ತೀನಿ. ಬರೀ ಮರ."

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ಹೊಳೆಯುವ ಮುಚ್ಚಳದಲ್ಲಿ ಅವನ ಮುಖವೇ ಕೆಳಗಿನಿಂದ ಅವನನ್ನು ನೋಡುತ್ತಿತ್ತು. ನೋಡಲಾರದೆ ಪೆಟ್ಟಿಗೆಯನ್ನು ಬೋರಲು ಹಾಕಿದ. ಆದರೆ ಅವನು ಕಾಣದ ಕಡೆ ಬಿಟ್ಟವನಲ್ಲವಲ್ಲ, ತಳಕ್ಕೂ ಪಾಲಿಶ್ ಹೊಡೆದಿದ್ದ. ಅಲ್ಲೂ ಅದೇ ಮುಖ.

ಹೆಂಡತಿಯ ಕೈಚೀಲ ಎಳೆದುಕೊಂಡು ಪೆಟ್ಟಿಗೆಯ ಮೇಲಿಟ್ಟು, ಊರು ಬರುವವರೆಗೂ ಎರಡೂ ಕೈಗಳಿಂದ ಅದುಮಿ ಹಿಡಿದುಕೊಂಡ.