ಎಣ್ಣಿ ಕುಡಿದ ಚೆಂಡು

ಸಿಂಧನೂರು ಹೈಸ್ಕೂಲಿನ ಡ್ರಿಲ್ ಮಾಸ್ತರ ದೊಡ್ಡಬಸಪ್ಪ ಅಂದ್ರ ನಾನ. ಈ ಸೀಮ್ಯಾಗ ಹುಡುಗರಿಗೆ ಮೊದಲು ಫುಟ್‌ಬಾಲ್ ಕಲಿಸಿದಾಂವ ನಾನು, ಅದೂ ನಿಜಾಮನ ಕಾಲದಾಗ. ಈ ಮಾತು ಯಾರಾದ್ರೂ ನಾಕು ಮಂದ್ಯಾಗ ಹೇಳ್ಲಿ ಅಂತ ಭಾಳ ವರ್ಷ ಕಾದೆ.

ನಲವತ್ತೊಂಬತ್ತರಾಗ ಲಿಂಗಸುಗೂರಿನ ಸಾಲಿಗೆ ಅಮೀನ್‌ಸಾಬ ಅಂತ ಒಬ್ಬ ಡ್ರಿಲ್ ಮಾಸ್ತರ ಬಂದ. ಹೈದರಾಬಾದಿನ್ಯಾಗ ಆಟ ಕಲಿತಾಂವ. ಸಣ್ಣ ಆಳು, ಯಾವಾಗ ನೋಡಿದ್ರೂ ನಕ್ಕೋತ ಮಾತಾಡೂದು. ಬಂದ ವರ್ಷಾನ, ಬಾವಿ ನೀರು ಎತ್ತೂ ತೊಗಲಚೀಲದ ಬಾಯಿಗಿರೂ ಕಬ್ಬಿಣದ ಬಳಿ ಬಿಚ್ಚಿಸಿ, ಕಂಬಕ್ಕ ಬಡಿಸಿ, ಬಾಸ್ಕೆಟ್‌ಬಾಲ್ ಸುರು ಮಾಡಿದ. ಊರಿಗೂರ ನೋಡಾಕ ಹೋತು. ಲಿಂಗಸುಗೂರು ನನ್ನ ಹೆಂಡ್ತಿ ಕಸ್ತೂರೆಮ್ಮನ ತವರು. ಆಕಿನೂ ನೋಡಿಬಂದು, "ಆ ಮಾಸ್ತರು ಹುಡುಗರಿಗೆ ಒಂದೇಟೂ ಹೊಡೆಯಂಗಿಲ್ಲಂತರೀ," ಅಂದ್ಲು. ಅವತ್ತು ನಾ ರೊಟ್ಟಿ ಗಂಗಾಳ ಅತ್ತಾಗ ಸರಿಸಿ ಎದ್ದೆ. ಹೊಟ್ಟಿಕಿಚ್ಚು ಅಂತೀರೇನು? ಹೌದು, ಹೊಟ್ಟಿಕಿಚ್ಚ. ಮುಚ್ಚಿಟ್ಟು ಏನು ಮಾಡ್ಲಿ.

ಐದು ವರ್ಷ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಎರಡೂ ಆಟದಾಗ ಅವರ ಗೆದ್ರು. ಐವತ್ನಾಕರಾಗ ಸಾಲಿ ಇನ್‌ಸ್ಪೆಕ್ಟರ್ ಸಾಹೇಬರು, "ಹೊಸಾ ಕಾಲೇಜಿಗೆ ಆಟದ ಮಾಸ್ತರ ಬೇಕಾಗ್ಯಾರ. ಮಸ್ಕಿಯೊಳಗ ನಿಮ್ಮಿಬ್ಬರ ಫುಟ್‌ಬಾಲ್ ಮ್ಯಾಚ್ ಐತೆಲ್ಲ, ಅದ್ರಾಗ ಗೆದ್ದವರ ಹೆಸರು ಬರಿತೀನಿ," ಅಂದ್ರು. ಆ ನೌಕರಿ ಮ್ಯಾಲೆ ನನ್ನ ಜೀವ ಇತ್ತು.

ಆಗ ನಮ್ಮ ಕಡೆ ಒಂದು ಪದ್ಧತಿ. ಮೊದಲರ್ಧ ಆಟ ಒಬ್ಬರ ಚೆಂಡು, ಉಳಿದರ್ಧ ಇನ್ನೊಬ್ಬರ ಚೆಂಡು. ಒಕ್ಕಲುತನದ ಮನ್ಯಾಗ ಹುಟ್ಟಿದ ನನಗ ತೊಗಲಿನ ಗುಣ ಗೊತ್ತಿಲ್ಲೇನು? ನೀರೆತ್ತೂ ಚೀಲಕ್ಕ ಕುಡಿಸಿದಂಗ ನಮ್ಮ ಚೆಂಡಿಗೆ ಕುಸುಬಿ ಎಣ್ಣಿ ಕುಡಿಸಿದೆ. ಕಲ್ಲಿನಂಗ ವಜ್ಜಾತು. ನನ್ನ ಹುಡುಗರು ಮೂರು ತಿಂಗಳು ಅದನ್ನ ಒದ್ದು ರೂಢಿ ಮಾಡ್ಕೊಂಡ್ರು. ಲಿಂಗಸುಗೂರಿನವರು ಅದನ್ನ ಬರಿಗಾಲಲೆ ಒದ್ದು, ಕಾಲು ಹಿಡಕೊಂಡು ಕುಂದರಬೇಕು. ಅದು ನನ್ನ ಹಂಚಿಕಿ.

ಮಸ್ಕಿ ಗುಡ್ಡದ ಬುಡಕ್ಕ ಮ್ಯಾಚು. ಮೊದಲರ್ಧ ಅವರ ಚೆಂಡು, ಹಗೂರ. ವಜ್ಜಿ ಚೆಂಡಿಗೆ ರೂಢಿ ಬಿದ್ದ ನನ್ನ ಹುಡುಗರು ಒದ್ದಿದ್ದೆಲ್ಲಾ ಗೋಲಿನ ಮ್ಯಾಲೆ ಹಾರಿ ಗುಡ್ಡಕ್ಕ ಹೋತು. ನಮ್ಮ ಯಂಕೋಬ ಒಬ್ಬನ ನಾಕು ಸಲ ಗುಡ್ಡಕ್ಕ ಕಳಿಸಿದ. ಮಂದಿ ಹೊಟ್ಟಿ ಹಿಡಕೊಂಡು ನಕ್ರು. ಆಮ್ಯಾಲೆ ನಮ್ಮ ಚೆಂಡು ಬಂತು. ಎರಡು ಉರುಳು ಉರುಳೂದ್ರಾಗ ಎಣ್ಣಿಗೆ ಎರಿಮಣ್ಣು ಹತ್ತಿ ದೊಡ್ಡ ಉಂಡಿ ಆತು. ರೆಫ್ರಿ ಅದನ್ನೆತ್ತಿ ಹೊರಗ ಒಗದು, ಅವರ ಚೆಂಡನ್ನ ಮತ್ತ ತರಿಸಿದ. ಮೂರು ಗೋಲಿಲೆ ಸೋತ್ವಿ.

ಮ್ಯಾಚ್ ಮುಗಿದ ಮ್ಯಾಲೆ ಅಮೀನ್‌ಸಾಬ ನನ್ನ ಹತ್ರ ಬಂದ. "ಮಾಸ್ತರ, ನಿಮ್ಮ ಹುಡುಗರ ಕಾಲಾಗ ಇಷ್ಟು ಕಸುವು ಹೆಂಗ ಬಂತ್ರಿ? ನನಗೂ ಹೇಳಿಕೊಡ್ರಿ."

ಚ್ಯಾಷ್ಟಿ ಮಾಡಾಕತ್ತಾನೇನು ಅಂತ ಮಾರಿ ನೋಡಿದೆ. ಇಲ್ಲ, ಖರೇನ ಕೇಳಿದ್ದ. ಅಂವ ನನ್ನನ್ನ ಒಂದಾದ್ರೂ ಮಾತು ಕೇಳ್ಲಿ ಅಂತ ಐದು ವರ್ಷ ಕಾದಿದ್ದೆ. ಕಾಲು ಗಟ್ಟಿ ಆಗ್ಲಿ ಅಂತ ಚೆಂಡಿಗೆ ಎಣ್ಣಿ ಕುಡಿಸೀನಿ ಅಂದೆ. ಉಳಿದದ್ದು ಹೇಳಲಿಲ್ಲ.

ನೌಕರಿ ಅಂವಗ ಆತು. ಐವತ್ತಾರರಾಗ ಅಂವನ ಕಾಲೇಜಿನ ಹುಡುಗರು ಹೈದರಾಬಾದಿನ್ಯಾಗ ಕಪ್ ಗೆದ್ದು ಬಂದ್ರು. ವರ್ಷಪೂರ್ತಿ ಎಣ್ಣಿ ಚೆಂಡು, ಮ್ಯಾಚಿಗೆ ಹದಿನೈದು ದಿನ ಇರೂಮುಂದ ಹಗೂರ ಚೆಂಡು, ಹಂಗ ತಯಾರು ಮಾಡಿದ್ನಂತ. ಆ ಹದಿನೈದು ದಿನದ ಬುದ್ಧಿ ನನಗ ಹೊಳೀಲಿಲ್ಲ ನೋಡ್ರಿ. ಲಿಂಗಸುಗೂರಾಗ ಅಂವಗ ಸನ್ಮಾನ ಇಟ್ಟಿದ್ರು. ತುಂಬಿದ ಸಭಾದಾಗ ಎದ್ದು ನಿಂತು, "ಲೇ ಕಳ್ಳ, ಅದು ನಂದು," ಅನ್ನಬೇಕಂತ ಕಸ್ತೂರೆಮ್ಮನ್ನ ಕರಕೊಂಡು ಹೋದೆ.

ನಾ ಏಳೂದ್ರಾಗ ಅಮೀನ್‌ಸಾಬ ಎದ್ದ. "ಎಣ್ಣಿ ಚೆಂಡಿನ ಉಪಾಯ ನಂದಲ್ರಿ. ಹುಡುಗರ ಕಾಲು ಗಟ್ಟಿ ಆಗ್ಲಿ ಅಂತ ದೊಡ್ಡಬಸಪ್ಪ ಮಾಸ್ತರು ಮಾಡಿದ್ದು. ಈ ಸೀಮಿಗೆ ಫುಟ್‌ಬಾಲ್ ಮೊದಲು ತಂದವರೂ ಅವರ," ಅಂದ. ಕೆಳಗಿಳಿದು ಬಂದು, ತನ್ನ ಕೊಳ್ಳಾಗಿನ ಹಾರ ತಗದು ನನಗ ಹಾಕಿದ. ಮಂದಿ ಚಪ್ಪಾಳಿ ಹೊಡೆದ್ರು. ಕಸ್ತೂರೆಮ್ಮ ಸೆರಗಿಲೆ ಕಣ್ಣು ಒರಸ್ಕೊಂಡ್ಲು.

ಅಂವ ಕದ್ದಿದ್ರ ಬೈಕೋಂತ ಸುಖದಾಗ ಇರ್ತಿದ್ದೆ. ಅಂವನ ಹುಡುಗರ ಕಾಲು ಮುರೀಲಿ ಅಂತ ಮಾಡಿದ ಚೆಂಡದು ಅಂತ ಹೇಳೂ ಧೈರ್ಯ ನನಗ ಇರಲಿಲ್ಲ. ಹಾರ ಹಾಕ್ಕೊಂಡು ಮಂದಿಗೆ ಕೈ ಮುಗಿದೆ. ಅವತ್ತು ಅಂವನ ಮ್ಯಾಲೆ ಬಂದಷ್ಟು ಹೊಟ್ಟಿಕಿಚ್ಚು ನನಗ ಯಾವತ್ತೂ ಬಂದಿಲ್ಲ.